ವಾಲ್ವ್ ಪ್ರೀಆಂಪ್ಲಿಫೈಯರ್ ಕೊಳ್ಳುವವರಿಗೆ: ಗುಣ ನೋಡಿ ಬೆಲೆ ಕಟ್ಟುವ ಬಗೆ

ಧಾರವಾಡ, ಹುಬ್ಬಳ್ಳಿ, ಗದಗಿನ ಅನೇಕ ಮನೆಗಳಲ್ಲಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿಯವರ ಗಾಯನದ ಎಲ್‌ಪಿ ತಟ್ಟೆಗಳು ಇಂದಿಗೂ ಜೋಪಾನವಾಗಿವೆ. ಅವುಗಳನ್ನು ಮತ್ತೆ ಕೇಳಬೇಕೆಂದು ಟರ್ನ್‌ಟೇಬಲ್ ಸಜ್ಜುಗೊಳಿಸಿಕೊಳ್ಳುವವರಲ್ಲಿ ಹಲವರಿಗೆ ಅದರ ಜೊತೆಗೊಂದು ವಾಲ್ವ್ ಪ್ರೀಆಂಪ್ ಇರಲಿ ಎಂಬ ಆಸೆ ಹುಟ್ಟುತ್ತದೆ. ಗಾಜಿನ ನಿರ್ವಾತ ಕೊಳವೆಗಳಿಂದ, ಎಂದರೆ ವಾಲ್ವ್‌ಗಳಿಂದ, ಸಿಗ್ನಲ್ ಬೆಳೆಸಿ ಸ್ಪೀಕರ್ ನಡೆಸುವ ಪವರ್ ಆಂಪ್ಲಿಫೈಯರ್‌ಗೆ ಕೊಡುವ ಪೆಟ್ಟಿಗೆ ಅದು. ಆಸೆ ಯೋಗ್ಯವಾದದ್ದೇ. ಚೆನ್ನಾಗಿ ಕಟ್ಟಿದ ವಾಲ್ವ್ ಪ್ರೀಆಂಪ್ ಕಂಠದ ತೂಕವನ್ನೂ ತಂಬೂರಿಯ ಝೇಂಕಾರವನ್ನೂ ಕುಂದಿಲ್ಲದೆ ದಾಟಿಸುತ್ತದೆ, ಕಾಲಕಾಲಕ್ಕೆ ದುರಸ್ತಿ ಮಾಡಿಸಿಕೊಂಡರೆ ದಶಕಗಳ ಕಾಲ ಬಾಳುತ್ತದೆ. ತೊಂದರೆ ಇರುವುದು ಆಯ್ಕೆಯಲ್ಲಿ. ಕೆಲವೇ ಸಾವಿರ ರೂಪಾಯಿಯ ಅಂಗೈಯಗಲದ ಪೆಟ್ಟಿಗೆಯೂ ಹಲವು ಲಕ್ಷದ ಯಂತ್ರವೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ, ಎರಡರಲ್ಲೂ ಗಾಜಿನ ಕೊಳವೆಗಳು ಬೆಳಗುತ್ತಿರುತ್ತವೆ, ಮತ್ತು ಎರಡರ ಮಾರಾಟಗಾರರೂ ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಾಲ್ವ್ ಎಂಬುದು ಇಡೀ ಯಂತ್ರದಲ್ಲಿ ಅತ್ಯಂತ ಸುಲಭವಾಗಿ ಬದಲಾಯಿಸಬಹುದಾದ ಭಾಗ. ಸಾಕೆಟ್‌ನಿಂದ ಕಿತ್ತು ಬೇರೆಯದನ್ನು ಕೂಡಿಸಲು ಒಂದು ನಿಮಿಷ ಸಾಕು. ಟ್ರಾನ್ಸ್‌ಫಾರ್ಮರ್, ಪವರ್ ಸಪ್ಲೈ, ಸರ್ಕಿಟ್‌ನ ವಿನ್ಯಾಸ ಮತ್ತು ಒಳಗಿನ ಜೋಡಣೆ ಹಾಗಲ್ಲ, ಒಮ್ಮೆ ಕೊಂಡ ಮೇಲೆ ಅವು ಹೇಗಿವೆಯೋ ಹಾಗೆಯೇ ಉಳಿಯುತ್ತವೆ. ಆದ್ದರಿಂದ ಹಣ ಕೊಡಬೇಕಾದದ್ದು ಈ ಬದಲಾಯಿಸಲಾಗದ ಭಾಗಗಳಿಗೆ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಇದೇ ಎಣಿಕೆಯ ಮೇಲೆ ನಿಂತಿವೆ.

ಮೊದಲು ನಿಮ್ಮ ಅಗತ್ಯವನ್ನು ನಿರ್ಧರಿಸಿ

ಪ್ರೀಆಂಪ್‌ನ ಕೆಲಸ ಮೂರು: ಬೇರೆ ಬೇರೆ ಮೂಲಗಳಲ್ಲಿ ಒಂದನ್ನು ಆರಿಸಿಕೊಡುವುದು, ಧ್ವನಿಯ ಮಟ್ಟವನ್ನು ಹದದಲ್ಲಿಡುವುದು, ಮತ್ತು ದುರ್ಬಲವಾದ ಸಿಗ್ನಲ್ ಅನ್ನು ಪವರ್ ಆಂಪ್ಲಿಫೈಯರ್‌ಗೆ ಬೇಕಾದಷ್ಟು ಬೆಳೆಸುವುದು. ನೀವು ಕೇಳುವುದು ಸಿಡಿ ಅಥವಾ ಕಂಪ್ಯೂಟರ್‌ಗೆ ಜೋಡಿಸಿದ ಡಿಎಸಿಯನ್ನು (ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಿಗ್ನಲ್ ಆಗಿಸುವ ಸಾಧನ) ಮಾತ್ರವಾದರೆ ಮೂರನೆಯ ಕೆಲಸದ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ. ಸಿಡಿ ಪ್ಲೇಯರ್ ಸಾಮಾನ್ಯವಾಗಿ 2 ವೋಲ್ಟ್‌ನಷ್ಟು ಸಿಗ್ನಲ್ ಕೊಡುತ್ತದೆ; ಅನೇಕ ಪವರ್ ಆಂಪ್‌ಗಳು 1 ವೋಲ್ಟ್‌ನ ಆಸುಪಾಸಿನಲ್ಲಿಯೇ ತಮ್ಮ ಪೂರ್ಣ ಶಕ್ತಿಯನ್ನು ಮುಟ್ಟುತ್ತವೆ. ಇಂಥವರು ಪ್ರೀಆಂಪ್ ಕೊಳ್ಳುವ ಮೊದಲು ಅದಿಲ್ಲದೆಯೇ ಒಂದು ವಾರ ಕೇಳಿ ನೋಡುವುದು ಒಳ್ಳೆಯದು. ಹಾಗೆ ಕೇಳಿ ತೃಪ್ತಿಯಾದರೆ ಆ ಹಣವನ್ನು ಸ್ಪೀಕರ್‌ಗೆ ಹಾಕಿ ಎಂದು ಹೇಳಲು ನನಗೆ ಸಂಕೋಚವಿಲ್ಲ.

ತಟ್ಟೆ ಕೇಳುವವರ ಲೆಕ್ಕ ಬೇರೆ. ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್ (ಸೂಜಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗ) ಕೊಡುವುದು 3ರಿಂದ 5 ಮಿಲಿವೋಲ್ಟ್ ಮಾತ್ರ. ಅದನ್ನು ಸುಮಾರು 100 ಪಟ್ಟು, ಎಂದರೆ 40 ಡೆಸಿಬೆಲ್, ಬೆಳೆಸಬೇಕು. ಮೂವಿಂಗ್ ಕಾಯಿಲ್ ಬಗೆಯದಾದರೆ ಸಿಗ್ನಲ್ ಇನ್ನೂ ಸಣ್ಣದು, ಹೆಚ್ಚಿನವುಗಳಲ್ಲಿ 0.2ರಿಂದ 0.5 ಮಿಲಿವೋಲ್ಟ್, ಅದಕ್ಕೆ 60 ಡೆಸಿಬೆಲ್‌ನಷ್ಟು ಬಲ ಬೇಕು. ಅಷ್ಟನ್ನೂ ಬರೀ ವಾಲ್ವ್‌ಗಳಿಂದ ಪಡೆಯಹೋದರೆ ಹಿಸ್ಸೆನ್ನುವ ಸದ್ದು ಎದ್ದು ಕೇಳತೊಡಗುತ್ತದೆ. ಆದ್ದರಿಂದ ಒಳ್ಳೆಯ ತಯಾರಕರು ಮುಂದೊಂದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಅಥವಾ ಟ್ರಾನ್ಸಿಸ್ಟರ್ ಹಂತ ಇಟ್ಟಿರುತ್ತಾರೆ. ಇದನ್ನು ವಾಲ್ವ್‌ಗೆ ಮಾಡಿದ ಅಪಚಾರವೆಂದು ಭಾವಿಸಬೇಕಿಲ್ಲ. ಅದು ತಿಳಿದು ಮಾಡಿದ ಕೆಲಸ.

ತಟ್ಟೆಗೆ ಧ್ವನಿ ಕೊರೆಯುವಾಗ ತಗ್ಗಿನ ಸ್ವರಗಳನ್ನು ಇಳಿಸಿ, ಮೇಲಿನ ಸ್ವರಗಳನ್ನು ಏರಿಸಿ ಕೊರೆದಿರುತ್ತಾರೆ. ನುಡಿಸುವಾಗ ಪ್ರೀಆಂಪ್‌ನ ಫೋನೋ ವಿಭಾಗ ಅದನ್ನು ತಿರುಗಿಸಿ ಸರಿಮಾಡುತ್ತದೆ. 1954ರಲ್ಲಿ ರೂಪುಗೊಂಡ ಆರ್‌ಐಎಎ (ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ) ಮಾನದಂಡದ ಪ್ರಕಾರ 1,000 ಹರ್ಟ್ಜ್‌ಗೆ ಹೋಲಿಸಿದರೆ 20 ಹರ್ಟ್ಜ್‌ನಲ್ಲಿ ಸುಮಾರು 20 ಡೆಸಿಬೆಲ್ ಏರಿಕೆ, 20,000 ಹರ್ಟ್ಜ್‌ನಲ್ಲಿ ಸುಮಾರು 20 ಡೆಸಿಬೆಲ್ ಇಳಿಕೆ ಆಗಬೇಕು. ಈ ವಕ್ರರೇಖೆಯಿಂದ ತಮ್ಮ ಯಂತ್ರ ಎಷ್ಟು ಡೆಸಿಬೆಲ್ ಆಚೀಚೆ ಹೋಗುತ್ತದೆ ಎಂಬುದನ್ನು ತಯಾರಕರು ಬರೆದುಕೊಡಬೇಕು. ಅರ್ಧ ಡೆಸಿಬೆಲ್‌ನೊಳಗೆ ಇದ್ದರೆ ಒಳ್ಳೆಯದು. ಆ ಅಂಕಿಯನ್ನೇ ಕೊಡದವರು ಅದನ್ನು ಅಳೆದಿಲ್ಲವೆಂದೇ ತಿಳಿಯಬೇಕಾಗುತ್ತದೆ.

78 ವೇಗದ ಹಳೆಯ ತಟ್ಟೆಗಳು ಮನೆಯಲ್ಲಿದ್ದರೆ ಇನ್ನೊಂದು ಸಂಗತಿ ಇದೆ. ಗಂಗೂಬಾಯಿಯವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ಕಾಲದ ತಟ್ಟೆಗಳು ಆರ್‌ಐಎಎ ಬರುವುದಕ್ಕೆ ಎಷ್ಟೋ ಹಿಂದಿನವು. ಅವುಗಳನ್ನು ಕೊರೆದ ರೀತಿ ಬೇರೆ. ಈಗಿನ ಸಾಮಾನ್ಯ ಫೋನೋ ವಿಭಾಗದಲ್ಲಿ ನುಡಿಸಿದರೆ ಮೇಲಿನ ಸ್ವರಗಳು ಬೇಕಾದದ್ದಕ್ಕಿಂತ ಹೆಚ್ಚು ಇಳಿದು, ಕಂಠ ಮುಸುಕು ಹಾಕಿಕೊಂಡಂತೆ ಕೇಳುತ್ತದೆ. ಅಂಥ ಸಂಗ್ರಹ ಇರುವವರು ವಕ್ರರೇಖೆಯನ್ನು ಬದಲಾಯಿಸುವ ಸ್ವಿಚ್ಚೂ ಮೋನೋ ಸ್ವಿಚ್ಚೂ ಇರುವ ಪ್ರೀಆಂಪ್‌ಗೆ ಹೆಚ್ಚು ಬೆಲೆ ಕೊಡುವುದು ನ್ಯಾಯವೇ. ಮೋನೋ ಸ್ವಿಚ್ ಹಾಕಿದೊಡನೆ ತಟ್ಟೆಯ ಸವೆತದ ಕರಕರ ಸದ್ದು ಗಣನೀಯವಾಗಿ ತಗ್ಗುತ್ತದೆ, ಏಕೆಂದರೆ ಸೂಜಿ ಮೇಲೆ ಕೆಳಗೆ ಕುಣಿಯುವುದರಿಂದ ಹುಟ್ಟುವ ಸದ್ದು ಎರಡು ಚಾನೆಲ್ ಕೂಡಿದಾಗ ಒಂದನ್ನೊಂದು ಅಳಿಸಿಹಾಕುತ್ತದೆ. ಸೂಜಿಯೂ 78ಕ್ಕೆ ತಕ್ಕ ದಪ್ಪನೆಯದೇ ಇರಬೇಕು.

ವಾಲ್ವ್ ನಿಜವಾಗಿ ದುಡಿಯುತ್ತಿದೆಯೇ?

ಪ್ರೀಆಂಪ್‌ಗಳಲ್ಲಿ ಅತಿ ಹೆಚ್ಚು ಕಾಣುವ ವಾಲ್ವ್‌ಗಳೆಂದರೆ 12ಎಎಕ್ಸ್7 ಅಥವಾ ಇಸಿಸಿ83, 12ಎಟಿ7 ಅಥವಾ ಇಸಿಸಿ81, 12ಎಯು7 ಅಥವಾ ಇಸಿಸಿ82, 6ಡಿಜೆ8 ಅಥವಾ ಇಸಿಸಿ88, ಮತ್ತು ಸ್ವಲ್ಪ ದೊಡ್ಡ ಗಾತ್ರದ 6ಎಸ್‌ಎನ್7. ಮೊದಲನೆಯದರ ವರ್ಧನ ಗುಣಾಂಕ 100, ಕೊನೆಯದರದು 20. ಹೀಗಾಗಿ ಫೋನೋ ವಿಭಾಗದಲ್ಲಿ 12ಎಎಕ್ಸ್7, ಸಿಡಿಯಂಥ ಮೂಲಗಳಿಗಿರುವ ಲೈನ್ ವಿಭಾಗದಲ್ಲಿ 12ಎಯು7 ಅಥವಾ 6ಎಸ್‌ಎನ್7 ಇರುವುದು ಸಹಜ. 12ಎಎಕ್ಸ್7ನಂಥ ವಾಲ್ವ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಪ್ಲೇಟ್‌ಗೆ (ಒಳಗಿನ ಧನ ವಿದ್ಯುದ್ವಾರಕ್ಕೆ) 100ರಿಂದ 250 ವೋಲ್ಟ್‌ನಷ್ಟು ಡಿಸಿ ಬೇಕು.

ಬಹಳ ಅಗ್ಗದ ಪೆಟ್ಟಿಗೆಗಳು 12 ವೋಲ್ಟ್‌ನ ಚಿಕ್ಕ ಅಡಾಪ್ಟರ್‌ನಿಂದ ನಡೆಯುತ್ತವೆ. ಕೆಲವುಗಳಲ್ಲಿ ಆ ವೋಲ್ಟೇಜನ್ನು ಒಳಗೆ ಏರಿಸಿಕೊಳ್ಳುವ ಸರ್ಕಿಟ್ ಇರುತ್ತದೆ, ಹಾಗಿದ್ದರೆ ಆಕ್ಷೇಪವಿಲ್ಲ. ಹಲವುಗಳಲ್ಲಿ ವಾಲ್ವ್‌ನ ಪ್ಲೇಟ್‌ಗೆ ಸಿಗುವುದು ಇಪ್ಪತ್ತು ಮೂವತ್ತು ವೋಲ್ಟ್ ಮಾತ್ರ. ನಿಜವಾದ ಕೆಲಸವನ್ನು ಪಕ್ಕದಲ್ಲಿರುವ ಐಸಿ ಚಿಪ್ ಮಾಡುತ್ತಿರುತ್ತದೆ, ಗಾಜಿನ ಕೆಳಗೆ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟು ಬೆಚ್ಚಗಿನ ಹೊಳಪು ತೋರಿಸಿರುತ್ತಾರೆ. ವಾಲ್ವ್‌ನ ನಿಜವಾದ ಬೆಳಕು ಒಳಗಿನ ಸಣ್ಣ ನಳಿಕೆಯ ತುದಿಯಲ್ಲಿ ಮಂದವಾಗಿ ಕಾಣುವಂಥದ್ದು, ಕರೆಂಟು ಕೊಟ್ಟ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಧಾನವಾಗಿ ಮೂಡುವಂಥದ್ದು. ಸ್ವಿಚ್ ಒತ್ತಿದ ಕೂಡಲೇ ಬುಡದಿಂದ ಇಡೀ ಗಾಜು ಬೆಳಗಿದರೆ ಅದು ಅಲಂಕಾರ. ಮಾರಾಟಗಾರರಿಗೆ ಒಂದೇ ಪ್ರಶ್ನೆ ಕೇಳಿ: ಪ್ಲೇಟ್‌ಗೆ ಎಷ್ಟು ವೋಲ್ಟ್ ಹೋಗುತ್ತದೆ? ನೇರವಾದ ಉತ್ತರ ಬಂದರೆ ಮಾತು ಮುಂದುವರಿಸಬಹುದು.

ಪವರ್ ಸಪ್ಲೈ ಮತ್ತು ನಮ್ಮ ಊರಿನ ಕರೆಂಟು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಪ್ರೀಆಂಪ್‌ನ ಗುಣದ ಬಹುಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ. ವಾಲ್ವ್‌ನ ಮೂಲಕ ಹರಿಯುವ ಸಂಗೀತವೆಲ್ಲ ಪವರ್ ಸಪ್ಲೈಯಿಂದಲೇ ಬರುವಂಥದ್ದು. ಅದರಲ್ಲಿ ಕೊಳೆ ಇದ್ದರೆ ಸ್ಪೀಕರ್‌ನಲ್ಲಿ ಕೊಳೆ ಕೇಳುತ್ತದೆ.

ವಾಲ್ವ್‌ಗೆ ಎರಡು ಬಗೆಯ ವಿದ್ಯುತ್ ಬೇಕು. ಒಂದು, ಪ್ಲೇಟ್‌ಗೆ ಹೋಗುವ ಹೆಚ್ಚು ವೋಲ್ಟೇಜಿನ ಡಿಸಿ. ಇನ್ನೊಂದು, ಒಳಗಿನ ಹೀಟರನ್ನು ಕಾಯಿಸುವ 6.3 ಅಥವಾ 12.6 ವೋಲ್ಟ್. ಹೀಟರ್ ವೋಲ್ಟೇಜ್ ನಿಗದಿಗಿಂತ ಶೇಕಡಾ 10ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು, 6.3 ವೋಲ್ಟ್‌ನ ವಾಲ್ವ್‌ಗೆ 5.7ರಿಂದ 6.9ರವರೆಗೆ ಮಿತಿ. ಈಗ ಮನೆಯ ಲೆಕ್ಕ ಹಾಕೋಣ. ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಇಲ್ಲದ ಯಂತ್ರವನ್ನು 230 ವೋಲ್ಟ್‌ಗೆ ಸರಿಯಾಗಿ 6.3 ಬರುವಂತೆ ಕಟ್ಟಿದ್ದಾರೆ ಎಂದುಕೊಳ್ಳಿ. ಹಳ್ಳಿಯ ಕಡೆ ಸಂಜೆಯ ಹೊತ್ತು, ಅಥವಾ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ನಡೆಯುವಾಗ, ಲೈನ್ 200 ವೋಲ್ಟ್‌ಗೆ ಇಳಿದರೆ ಹೀಟರ್‌ಗೆ ಸಿಗುವುದು ಸುಮಾರು 5.5 ವೋಲ್ಟ್. ಅದು ಮಿತಿಯಿಂದ ಕೆಳಗೆ. ರಾತ್ರಿ ಹೊರೆ ಇಳಿದು ಲೈನ್ 250ಕ್ಕೆ ಏರಿದರೆ 6.8 ವೋಲ್ಟ್‌ನ ಮೇಲೆ, ಮಿತಿಯ ಅಂಚಿನಲ್ಲಿ. ಹೀಗೆ ದಿನವೂ ತೂಗಾಡುವ ವಾಲ್ವ್‌ನ ಆಯುಷ್ಯ ಕಡಿಮೆಯಾಗುತ್ತದೆ, ಧ್ವನಿಯೂ ಹೊತ್ತಿಗೊಂದು ರೀತಿ ಇರುತ್ತದೆ. ಆದ್ದರಿಂದ ನಮ್ಮ ಭಾಗದಲ್ಲಿ ಕೊಳ್ಳುವವರು ಹೀಟರ್‌ಗೂ ಪ್ಲೇಟ್‌ಗೂ ರೆಗ್ಯುಲೇಟೆಡ್ ಡಿಸಿ ಕೊಡುವ ಯಂತ್ರವನ್ನು ಆರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಸಲಹೆ. ರೆಗ್ಯುಲೇಟರ್ ಬೇಡ, ಅದು ಧ್ವನಿಯ ಜೀವ ತೆಗೆಯುತ್ತದೆ ಎಂದು ವಾದಿಸುವವರಿದ್ದಾರೆ. ವೋಲ್ಟೇಜ್ ಸ್ಥಿರವಾಗಿರುವ ಊರಿನಲ್ಲಿ ಆ ಚರ್ಚೆ ಮಾಡಬಹುದು.

ರೆಗ್ಯುಲೇಟರ್ ಇದೆ ಎಂಬ ಮಾತಿಗೇ ತೃಪ್ತಿಪಡಬೇಡಿ. ಲೈನ್ ತೀರ ಇಳಿದಾಗ ರೆಗ್ಯುಲೇಟರ್‌ಗೂ ಕೈಲಾಗುವುದಿಲ್ಲ, ಆಗ ಹಮ್ಮಿಂಗ್ ಹೊರಬರುತ್ತದೆ. ಇದನ್ನು ಪರೀಕ್ಷಿಸಲು ರಿಪೇರಿ ಅಂಗಡಿಗಳಲ್ಲಿ ಇರುವ, ವೋಲ್ಟೇಜನ್ನು ಏರಿಳಿಸುವ ಡಿಮ್ಮರ್‌ಸ್ಟ್ಯಾಟ್ ಸಾಕು. ಪ್ರೀಆಂಪನ್ನು ಅದರ ಮೂಲಕ ಜೋಡಿಸಿ, ಯಾವ ತಟ್ಟೆಯನ್ನೂ ಹಾಕದೆ ವಾಲ್ಯೂಮ್ ಮಧ್ಯದಲ್ಲಿಟ್ಟು, 230ರಿಂದ 200ಕ್ಕೆ ನಿಧಾನವಾಗಿ ಇಳಿಸುತ್ತ ಸ್ಪೀಕರ್‌ಗೆ ಕಿವಿಗೊಡಬೇಕು. 200ರವರೆಗೂ ಸದ್ದಿನಲ್ಲಿ ಬದಲಾವಣೆ ಇಲ್ಲದಿದ್ದರೆ ಅದು ತಿಳಿದವರು ಕಟ್ಟಿದ ಯಂತ್ರ. 215ಕ್ಕೇ ಗುಂಯ್ ಎನ್ನತೊಡಗಿದರೆ ನಿಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಂಜೆ ಅದೇ ಸದ್ದು ಕೇಳಲಿದ್ದೀರಿ. ಹೊರಗೆ ಸ್ಟೆಬಿಲೈಜರ್ ಹಾಕುವುದು ಉಪಾಯವಾದರೂ, ರಿಲೇ ಇರುವ ಸಾಮಾನ್ಯ ಸ್ಟೆಬಿಲೈಜರ್ ಪ್ರತಿ ಸಲ ಹಂತ ಬದಲಿಸುವಾಗ ಸ್ಪೀಕರ್‌ನಲ್ಲಿ ಟಕ್ ಎಂಬ ಸದ್ದು ತರಬಹುದು. ಸರ್ವೋ ಬಗೆಯದು ಇದಕ್ಕಿಂತ ಮೇಲು.

ಹಮ್ಮಿಂಗ್ ಕೇಳಿದರೆ ಅದರ ಶ್ರುತಿಯನ್ನು ಗುರುತಿಸಲು ಕಲಿಯಿರಿ. ಸಂಗೀತ ಕೇಳಿದ ಕಿವಿಗೆ ಇದು ಕಷ್ಟವಲ್ಲ. ನಮ್ಮ ಕರೆಂಟು 50 ಹರ್ಟ್ಜ್‌ನದು. ತಗ್ಗಿನ 50 ಹರ್ಟ್ಜ್ ಸದ್ದು ಹೀಟರ್‌ನಿಂದಲೋ, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದಲೋ, ಯಂತ್ರಗಳ ನಡುವಿನ ಗ್ರೌಂಡ್ ಲೂಪ್‌ನಿಂದಲೋ (ಅರ್ಥ್ ವೈರುಗಳು ಸುತ್ತುಗಟ್ಟಿಕೊಳ್ಳುವುದು) ಬರುತ್ತದೆ. ಅದಕ್ಕಿಂತ ಒಂದು ಸಪ್ತಕ ಮೇಲಿನ 100 ಹರ್ಟ್ಜ್‌ನ, ಸ್ವಲ್ಪ ಗರಗರ ಸೇರಿದ ಸದ್ದು ಬಂದರೆ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಸಾಲದು ಅಥವಾ ಒಣಗಿದೆ ಎಂದು ಅರ್ಥ. ಮೊದಲನೆಯದನ್ನು ವೈರು, ಜಾಗ ಬದಲಿಸಿ ಎಷ್ಟೋ ಸಲ ಸರಿಮಾಡಬಹುದು. ಎರಡನೆಯದು ಯಂತ್ರದ ಒಳಗಿನ ದೋಷ. ಚೌಕಾಸಿಯ ಹೊತ್ತಿನಲ್ಲಿ ಈ ವ್ಯತ್ಯಾಸ ತಿಳಿದಿರುವುದು ಬಹಳ ಉಪಯೋಗಕ್ಕೆ ಬರುತ್ತದೆ.

ಲೋಹದ ಪೆಟ್ಟಿಗೆಯ ಪ್ರೀಆಂಪ್‌ಗೆ ಮೂರು ಪಿನ್ನಿನ ವೈರು, ಮನೆಯಲ್ಲಿ ಸರಿಯಾದ ಅರ್ಥಿಂಗ್ ಇರಲೇಬೇಕು. ಹಮ್ಮಿಂಗ್ ಹೋಗಲೆಂದು ಅರ್ಥ್ ಪಿನ್ ಕತ್ತರಿಸುವ ಪದ್ಧತಿ ಅಪಾಯಕಾರಿ. ಒಳಗೆ 250 ವೋಲ್ಟ್ ಡಿಸಿ ಇರುವ ಪೆಟ್ಟಿಗೆ ಅದು, ಮನೆಯ ಮಕ್ಕಳೂ ಮುಟ್ಟುತ್ತಾರೆ.

ನಿಮ್ಮ ಪವರ್ ಆಂಪ್‌ಗೆ ಹೊಂದುತ್ತದೆಯೇ?

ಒಳ್ಳೆಯ ಪ್ರೀಆಂಪ್ ಒಳ್ಳೆಯ ಪವರ್ ಆಂಪ್‌ನೊಡನೆ ಸೇರಿ ಸಪ್ಪೆಯಾಗಿ ಕೇಳುವುದುಂಟು. ಅದಕ್ಕೆ ಸಾಮಾನ್ಯ ಕಾರಣ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಹೊಂದದಿರುವುದು. ನಿಯಮ ಸರಳ: ಪವರ್ ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್, ಪ್ರೀಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್‌ಗಿಂತ ಹತ್ತು ಪಟ್ಟಾದರೂ ಹೆಚ್ಚಿರಬೇಕು. 12ಎಎಕ್ಸ್7ರ ಪ್ಲೇಟ್‌ನಿಂದಲೇ ನೇರವಾಗಿ ಸಿಗ್ನಲ್ ತೆಗೆದಿದ್ದರೆ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 38 ಕಿಲೋಓಮ್ ಇರಬಹುದು. ಟ್ರಾನ್ಸಿಸ್ಟರ್ ಪವರ್ ಆಂಪ್‌ಗಳಲ್ಲಿ ಇನ್‌ಪುಟ್ 10ರಿಂದ 47 ಕಿಲೋಓಮ್ ಇರುವುದು ಸಾಮಾನ್ಯ. ಈ ಜೋಡಿ ಕೂಡಿ ಬರುವಂಥದ್ದಲ್ಲ. ಕೊನೆಯಲ್ಲಿ ಸಿಗ್ನಲ್ ಅನ್ನು ಪ್ಲೇಟ್‌ನ ಬದಲು ಕ್ಯಾಥೋಡ್‌ನಿಂದ ತೆಗೆಯುವ ಕ್ಯಾಥೋಡ್ ಫಾಲೋವರ್ ಹಂತ ಇದ್ದರೆ ಈ ಅಂಕಿ ಕೆಲವು ನೂರು ಓಮ್‌ನಿಂದ ಸಾವಿರ ಓಮ್‌ನ ಆಸುಪಾಸಿಗೆ ಇಳಿಯುತ್ತದೆ. ಆಗ ಯಾವ ಪವರ್ ಆಂಪ್‌ಗೂ ಜೋಡಿಸಬಹುದು.

ಉದ್ದನೆಯ ಕೇಬಲ್‌ನ ಪರಿಣಾಮವನ್ನೂ ಲೆಕ್ಕ ಹಾಕಿ ನೋಡಿ. ಒಂದು ಮೀಟರ್‌ಗೆ 100 ಪಿಕೋಫ್ಯಾರಡ್ ಇರುವ ಕೇಬಲ್ 5 ಮೀಟರ್ ಎಳೆದರೆ 500 ಪಿಕೋಫ್ಯಾರಡ್ ಆಗುತ್ತದೆ. ಔಟ್‌ಪುಟ್ 38 ಕಿಲೋಓಮ್ ಇದ್ದರೆ 8,400 ಹರ್ಟ್ಜ್‌ನ ಹೊತ್ತಿಗಾಗಲೇ ಧ್ವನಿ 3 ಡೆಸಿಬೆಲ್ ಕುಸಿದಿರುತ್ತದೆ. ತಂಬೂರಿಯ ಜವಾರಿಯ (ತಂತಿಯ ಝೇಂಕಾರದ) ಹೊಳಪು, ತಬಲಾದ ಚಾಟಿಯ ಮೊನಚು ಇವೆಲ್ಲ ಮಸುಕಾಗುವುದು ಹೀಗೆ. ಕೆಲವರು ಇದನ್ನೇ ವಾಲ್ವ್‌ನ ‘ಮೃದುತ್ವ’ ಎಂದು ಮೆಚ್ಚಿಕೊಳ್ಳುತ್ತಾರೆ. ಅದು ಕಳೆದುಹೋದ ಧ್ವನಿ.

ತಗ್ಗಿನ ಸ್ವರಗಳಲ್ಲಿ ಇದೇ ಬಗೆಯ ನಷ್ಟ ಔಟ್‌ಪುಟ್‌ನ ಕೆಪಾಸಿಟರ್‌ನಿಂದ ಆಗುತ್ತದೆ. 0.47 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 47 ಕಿಲೋಓಮ್‌ನ ಪವರ್ ಆಂಪ್‌ಗೆ ಜೋಡಿಸಿದಾಗ 7 ಹರ್ಟ್ಜ್‌ನವರೆಗೆ ಇಳಿಯಬಲ್ಲದು. ಅದೇ 10 ಕಿಲೋಓಮ್‌ಗೆ ಜೋಡಿಸಿದರೆ 34 ಹರ್ಟ್ಜ್‌ನಲ್ಲಿಯೇ 3 ಡೆಸಿಬೆಲ್ ಹೋಗಿರುತ್ತದೆ. ಕಾಳಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ) ಶ್ರುತಿ ಮಾಡಿದ ಗಂಡಸರ ತಂಬೂರಿಯಲ್ಲಿ ಖರ್ಜದ (ಕೆಳ ಷಡ್ಜದ) ತಂತಿಯ ಮೂಲ ಕಂಪನ ಸುಮಾರು 69 ಹರ್ಟ್ಜ್. ಅಲ್ಲಿಯೂ ಒಂದು ಡೆಸಿಬೆಲ್‌ನಷ್ಟು ಕಡಿಮೆಯಾಗುತ್ತದೆ. ದೊಡ್ಡ ನಷ್ಟವಲ್ಲ, ಆದರೆ ಹಾಡಿನ ಉದ್ದಕ್ಕೂ ನಿಲ್ಲಬೇಕಾದ ಆಧಾರ ಸ್ವರ ಅದು. ಔಟ್‌ಪುಟ್ ಇಂಪೀಡೆನ್ಸ್, ಔಟ್‌ಪುಟ್ ಕೆಪಾಸಿಟರ್ ಎರಡನ್ನೂ ಬರೆದು ಪಡೆಯಿರಿ, ನಿಮ್ಮ ಪವರ್ ಆಂಪ್‌ನ ಪುಸ್ತಿಕೆಯ ಪಕ್ಕದಲ್ಲಿಟ್ಟು ನೋಡಿ.

ಗೇನ್, ಎಂದರೆ ಸಿಗ್ನಲ್ ಬೆಳೆಸುವ ಪ್ರಮಾಣ, ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಭಾವನೆ ಬೇಡ. ಲೈನ್ ವಿಭಾಗದಲ್ಲಿ 20 ಡೆಸಿಬೆಲ್ ಎಂದರೆ ಹತ್ತು ಪಟ್ಟು. 2 ವೋಲ್ಟ್‌ನ ಸಿಡಿಗೆ ಅದನ್ನು ಜೋಡಿಸಿದರೆ ವಾಲ್ಯೂಮ್ ಗುಂಡಿಯನ್ನು ತುಸುವೇ ತಿರುಗಿಸಿದರೂ ಮನೆ ತುಂಬ ಸದ್ದು, ಮತ್ತು ಗುಂಡಿಯ ಆ ಆರಂಭದ ಭಾಗದಲ್ಲಿಯೇ ಎಡಬಲ ಚಾನೆಲ್‌ಗಳ ಅಸಮತೋಲ ಹೆಚ್ಚು. ಹೆಚ್ಚಿನ ಮನೆಗಳಿಗೆ 10ರಿಂದ 12 ಡೆಸಿಬೆಲ್ ಧಾರಾಳವಾಯಿತು.

ಒಳಗಿನ ಕೆಲಸವನ್ನು ಕಣ್ಣಾರೆ ನೋಡಿ

ಮುಚ್ಚಳ ತೆಗೆಯುವುದು ಮಾರಾಟಗಾರರ ಅಥವಾ ತಂತ್ರಜ್ಞರ ಕೆಲಸ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವೋಲ್ಟೇಜ್ ಉಳಿದಿರಬಹುದು, ಆದ್ದರಿಂದ ಕೈ ಹಾಕದೆ ನೋಡಿ, ಒಳಗಿನ ಸ್ಪಷ್ಟವಾದ ಫೋಟೋ ಕೇಳಿ. ಫೋಟೋ ಕೊಡಲು ಹಿಂಜರಿಯುವ ಮಾರಾಟಗಾರರ ಬಳಿ ದೊಡ್ಡ ಮೊತ್ತ ಹಾಕಬೇಡಿ.

ಟ್ರಾನ್ಸ್‌ಫಾರ್ಮರ್ ಫೋನೋ ವಿಭಾಗದಿಂದ ಆದಷ್ಟು ದೂರ ಇರಬೇಕು. ಬೇರೆ ಪೆಟ್ಟಿಗೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಮೇಲೆ 105 ಡಿಗ್ರಿ ಎಂದು ಬರೆದಿದೆಯೇ ನೋಡಿ, ಅವು ವಾಲ್ವ್‌ಗೆ ಒತ್ತಿಕೊಂಡು ನಿಂತಿವೆಯೇ ಎಂಬುದನ್ನೂ ಗಮನಿಸಿ. ಶಾಖ 10 ಡಿಗ್ರಿ ಏರಿದರೆ ಇವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ, ಗಾಳಿಯಾಡದ ಕಪಾಟಿನಲ್ಲಿಟ್ಟ ಯಂತ್ರದೊಳಗೆ ಎಷ್ಟು ಕಾವೇರುತ್ತದೆ ಎಂಬುದನ್ನು ಊಹಿಸಬಹುದು. ವಾಲ್ವ್ ಸಾಕೆಟ್‌ನ ಸುತ್ತಲಿನ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಬಹಳ ಕಾಲ ಬೆಂದಿದೆ. ಧಾರವಾಡದ ಮಳೆಗಾಲದ ತೇವಕ್ಕೆ ಸಾಕೆಟ್, ಸ್ವಿಚ್, ಕೇಬಲ್ ಜೋಡಿಸುವ ಆರ್‌ಸಿಎ ಪಿನ್‌ಗಳು ಮಂಕಾಗಿ ಕರಕರ ಎನ್ನುತ್ತವೆ. ಬಂಗಾರದ ಲೇಪದ ಸಾಕೆಟ್‌ಗೆ, ಮುಚ್ಚಿದ ಬಗೆಯ ಒಳ್ಳೆಯ ವಾಲ್ಯೂಮ್ ಕಂಟ್ರೋಲ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೆ ನಮ್ಮಲ್ಲಿ ಅದು ವ್ಯರ್ಥವಲ್ಲ. ಬೆರಳು ದಪ್ಪದ ಅಲ್ಯೂಮಿನಿಯಂ ಮುಂಬದಿಗೆ, ಕೆತ್ತಿದ ಗುಂಡಿಗಳಿಗೆ ಕೊಟ್ಟ ಹಣ ಮಾತ್ರ ಕಣ್ಣಿಗೆ ಕೊಟ್ಟ ಹಣವೇ.

ಹೆಸರಾಂತ ಹಳೆಯ ಸರ್ಕಿಟ್‌ಗಳ ನಕಲು ಬಹಳ ಸಿಗುತ್ತವೆ. ಆರು 12ಎಎಕ್ಸ್7 ಬಳಸುವ ಮರಾಂಟ್ಜ್ 7ರ ಸರ್ಕಿಟ್‌ನ ಹೆಸರಿನಲ್ಲಿ ಎಷ್ಟೋ ಬೋರ್ಡ್‌ಗಳು ಮಾರಾಟವಾಗುತ್ತಿವೆ. ಸರ್ಕಿಟ್ ಸಾಬೀತಾದದ್ದು, ನಿಜ. ಆದರೆ ಮೂಲದಲ್ಲಿದ್ದ ಜೋಡಣೆಯ ಶ್ರದ್ಧೆ, ಗ್ರೌಂಡಿಂಗ್‌ನ ಜಾಣ್ಮೆ ನಕಲಿನ ಜೊತೆ ತಾನಾಗಿ ಬರುವುದಿಲ್ಲ. ಪ್ರತಿ ನಕಲನ್ನೂ ಅದರದೇ ಕೆಲಸ ನೋಡಿ ತೂಗಬೇಕು.

ಕಿವಿಯಿಂದ ಮಾಡುವ ಪರೀಕ್ಷೆ

ಪ್ರೀಆಂಪನ್ನು ಮೊದಲು ಹಾಕಿ, ಒಂದೆರಡು ನಿಮಿಷ ಬಿಟ್ಟು ಪವರ್ ಆಂಪ್ ಹಾಕಿ. ಆರಿಸುವಾಗ ಪವರ್ ಆಂಪ್ ಮೊದಲು. ಈ ಕ್ರಮ ಸ್ಪೀಕರನ್ನು ಕಾಪಾಡುತ್ತದೆ. ಯಂತ್ರ ತಾನೇ ಮೊದಲ ಅರ್ಧ ನಿಮಿಷ ಔಟ್‌ಪುಟ್ ಮುಚ್ಚಿಟ್ಟುಕೊಳ್ಳುವ ರಿಲೇ ಹೊಂದಿದ್ದರೆ ತಯಾರಕರು ಬಳಸುವವರ ಬಗ್ಗೆ ಯೋಚಿಸಿದ್ದಾರೆಂದು ಅರ್ಥ. ಪವರ್ ಆಂಪ್ ಜೋಡಿಸುವ ಮುನ್ನ ಔಟ್‌ಪುಟ್ ಪಿನ್‌ಗೆ ಮಲ್ಟಿಮೀಟರ್ ಹಿಡಿದು ಡಿಸಿ ನೋಡಿ. ಯಂತ್ರ ಕಾದ ಮೇಲೆ ಕೆಲವೇ ಮಿಲಿವೋಲ್ಟ್ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಕೆಪಾಸಿಟರ್ ಸೋರುತ್ತಿದೆ, ಅಲ್ಲಿಗೇ ನಿಲ್ಲಿಸಿ.

ಹದಿನೈದು ಇಪ್ಪತ್ತು ನಿಮಿಷ ಕಾಯ್ದ ಮೇಲೆ, ಏನೂ ನುಡಿಸದೆ, ನೀವು ನಿತ್ಯ ಕೇಳುವ ಮಟ್ಟಕ್ಕೆ ವಾಲ್ಯೂಮ್ ಇಟ್ಟು ನಿಮ್ಮ ಜಾಗದಲ್ಲಿ ಕುಳಿತುಕೊಳ್ಳಿ. ಫ್ಯಾನ್ ಆರಿಸಿರಿ. ಲೈನ್ ವಿಭಾಗದಲ್ಲಿ ಏನೂ ಕೇಳಬಾರದು. ಫೋನೋದಲ್ಲಿ ಸ್ಪೀಕರ್‌ನ ಹತ್ತಿರ ಹೋದಾಗ ಸಣ್ಣ ಹಿಸ್ ಇದ್ದರೆ ಅದು ವಾಲ್ವ್‌ನ ಸ್ವಭಾವ. ಕುಳಿತಲ್ಲಿಗೇ ಕೇಳಿದರೆ ದೋಷ. ಒಂದು ಚಾನೆಲ್‌ನಲ್ಲಿ ಮಾತ್ರ ಸದ್ದಿದ್ದರೆ ಯಂತ್ರ ಆರಿಸಿ, ತಣ್ಣಗಾದ ಮೇಲೆ ಎಡಬಲದ ಒಂದೇ ಬಗೆಯ ವಾಲ್ವ್‌ಗಳನ್ನು ಅದಲುಬದಲು ಮಾಡಿಸಿ. ಸದ್ದು ಇನ್ನೊಂದು ಬದಿಗೆ ಹೋದರೆ ತಪ್ಪು ವಾಲ್ವ್‌ನದು, ಸ್ವಲ್ಪ ಹಣದಲ್ಲಿ ಮುಗಿಯುವ ಕೆಲಸ. ಹೋಗದಿದ್ದರೆ ಸರ್ಕಿಟ್‌ನದು.

ಮುಂದಿನದು ಪೆನ್ಸಿಲ್ ಪರೀಕ್ಷೆ. ವಾಲ್ಯೂಮ್ ನಿತ್ಯದ ಮಟ್ಟದಲ್ಲಿರುವಾಗ ಪೆನ್ಸಿಲ್‌ನ ರಬ್ಬರ್ ತುದಿಯಿಂದ ಪ್ರತಿ ವಾಲ್ವ್‌ನ ನೆತ್ತಿಯನ್ನು ಮೆಲ್ಲನೆ ತಟ್ಟಿ. ಸ್ಪೀಕರ್‌ನಲ್ಲಿ ಮಂದವಾದ ‘ಟಕ್’ ಕೇಳಿ ಕೂಡಲೇ ಅಡಗಿದರೆ ಸರಿ. ‘ಟಿಂಗ್’ ಎಂದು ಗಂಟೆಯಂತೆ ಎಳೆದರೆ ಆ ವಾಲ್ವ್ ಮೈಕ್ರೋಫೋನಿಕ್. ತಾರಸ್ವರದಲ್ಲಿ ಸ್ಪೀಕರ್‌ನ ಕಂಪನವೇ ಅದನ್ನು ನಡುಗಿಸಿ ಧ್ವನಿಗೆ ಕಲಬೆರಕೆ ಸೇರಿಸುತ್ತದೆ. ತಟ್ಟಿದಾಗ ಚಟಚಟ ಸದ್ದು ಬಂದು ಹೋಗುತ್ತಿದ್ದರೆ ಸಾಕೆಟ್‌ನ ಹಿಡಿತ ಸಡಿಲವಾಗಿದೆ ಅಥವಾ ಸೋಲ್ಡರ್ ಬಿಟ್ಟಿದೆ.

ಕೊನೆಗೆ ಸಂಗೀತ. ಚೆನ್ನಾಗಿ ಪರಿಚಯವಿರುವ ತಟ್ಟೆಯನ್ನೇ ಒಯ್ಯಿರಿ. ಗಂಗೂಬಾಯಿಯವರ ಗಡಸು, ತುಂಬುಕಂಠ ಈ ಪರೀಕ್ಷೆಗೆ ಬಹಳ ಒಳ್ಳೆಯದು: ಕಳಪೆ ಪ್ರೀಆಂಪ್‌ನಲ್ಲಿ ಅದು ಒಂದೋ ಉಬ್ಬುತ್ತದೆ, ಇಲ್ಲವೇ ಅದರ ಅಂಚು ಮೊಂಡಾಗುತ್ತದೆ. ಮನಸೂರರ ಗಾಯನದಲ್ಲಿ ತಾನ್‌ಗಳು ವೇಗ ಹಿಡಿದಾಗ ಪ್ರತಿ ಸ್ವರ ಬಿಡಿಯಾಗಿ ಕೇಳಬೇಕು, ಹಿಂದಿನ ಹಾರ್ಮೋನಿಯಂ ಕಂಠದೊಡನೆ ಕಲಸಿಹೋಗಬಾರದು. ತಬಲಾದ ಡಗ್ಗಾದ ಮೇಲೆ ಅಂಗೈ ಜಾರಿಸಿ ಎಳೆಯುವ ಗಮಕದ ಆದಿ ಅಂತ್ಯ ಎರಡೂ ತಿಳಿಯಬೇಕು. ಕಿವಿಗೆ ‘ಸಿಹಿ’ ಎನಿಸಿದ ಯಂತ್ರವನ್ನು ಅದೇ ದಿನ ಕೊಳ್ಳಬೇಡಿ. ಎಲ್ಲ ತಟ್ಟೆಗಳಿಗೂ ಒಂದೇ ಸಿಹಿ ಬಳಿಯುವ ಪ್ರೀಆಂಪ್ ಮೂರು ತಿಂಗಳಲ್ಲಿ ಬೇಸರ ತರುತ್ತದೆ. ಒಂದು ತಟ್ಟೆಗೂ ಇನ್ನೊಂದಕ್ಕೂ ಇರುವ ಭೇದವನ್ನು ಹೆಚ್ಚು ತೋರಿಸುವುದೇ ಮೇಲಾದದ್ದು.

ಬೆಲೆ, ರಿಪೇರಿ, ಹಳೆಯ ಯಂತ್ರಗಳು

ವಾಲ್ವ್ ಸೆಟ್ ಬಲ್ಲ ಹಿರಿಯ ರೇಡಿಯೋ ರಿಪೇರಿಯವರು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಇರುವವರನ್ನು ಕೊಳ್ಳುವ ಮುನ್ನವೇ ಭೇಟಿಯಾಗಿ ಸಲಹೆ ಪಡೆಯಿರಿ. ಯಂತ್ರದ ಸರ್ಕಿಟ್ ನಕ್ಷೆ ಜೊತೆಗಿದ್ದರೆ ಎಲೆಕ್ಟ್ರಾನಿಕ್ಸ್ ತಿಳಿದ ಯಾವ ಜಾಗರೂಕ ತಂತ್ರಜ್ಞರೂ ಅದನ್ನು ದುರಸ್ತಿ ಮಾಡಬಲ್ಲರು. ನಕ್ಷೆ ಇಲ್ಲದ, ಬಿಡಿಭಾಗ ಬೇರೆಲ್ಲೂ ಸಿಗದ ಯಂತ್ರ ಕೆಟ್ಟ ದಿನ ಅದರ ಬೆಲೆ ಶೂನ್ಯ. ಎರಡು ಯಂತ್ರ ಸಮವಾಗಿ ಕೇಳಿದರೆ, ನಕ್ಷೆ ಕೊಡುವವರದನ್ನು ಕೊಳ್ಳಿ, ಸ್ವಲ್ಪ ಹೆಚ್ಚಾದರೂ ಸರಿ. ನಮ್ಮ ರಾಜ್ಯದಲ್ಲಿಯೇ ಕೈಯಾರೆ ಕಟ್ಟಿಕೊಡುವವರಿಂದ ಕೊಂಡರೆ ಭಾರವಾದ ಪೆಟ್ಟಿಗೆಯನ್ನು ದೂರಕ್ಕೆ ಕಳಿಸುವ ಖರ್ಚೂ ಆತಂಕವೂ ಉಳಿಯುತ್ತದೆ.

ಹೊರದೇಶದ ಹಳೆಯ ಪ್ರೀಆಂಪ್ ಕೈಗೆ ಬಂದರೆ ಮೊದಲು ಅದರ ಬೆನ್ನಿನ ಮೇಲೆ ಬರೆದ ವೋಲ್ಟೇಜ್ ಓದಿ. ಜಪಾನಿನದು 100 ವೋಲ್ಟ್, ಅಮೆರಿಕದ್ದು 120 ವೋಲ್ಟ್ ಇರುತ್ತದೆ. ನಮ್ಮ ಸಾಕೆಟ್‌ಗೆ ನೇರವಾಗಿ ಚುಚ್ಚಿದರೆ ಕ್ಷಣದಲ್ಲಿ ಸುಡುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ, 60 ಹರ್ಟ್ಜ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಜ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಹಲವು ದಶಕ ಹಳೆಯದಾದ ಯಂತ್ರದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಬೇಕಾಗುತ್ತದೆ ಎಂದೇ ಎಣಿಸಿ, ಆ ಖರ್ಚನ್ನೂ ಟ್ರಾನ್ಸ್‌ಫಾರ್ಮರ್‌ನ ಖರ್ಚನ್ನೂ ಕೇಳಿದ ಬೆಲೆಗೆ ಕೂಡಿಸಿ ನೋಡಿದಾಗಲೇ ನಿಜವಾದ ಬೆಲೆ ತಿಳಿಯುವುದು.

ಬದಲಿ ವಾಲ್ವ್‌ಗಳ ಮಾತು. ಪ್ರೀಆಂಪ್‌ನ ಸಣ್ಣ ವಾಲ್ವ್‌ಗಳು 5,000 ಗಂಟೆಯಾದರೂ ಬಾಳಬೇಕು. ದಿನಕ್ಕೆ 3 ಗಂಟೆ ಕೇಳುವವರಿಗೆ ಅದು ನಾಲ್ಕೂವರೆ ವರ್ಷವಾಯಿತು. 12ಎಎಕ್ಸ್7, 12ಎಯು7, 6ಎಸ್‌ಎನ್7 ಇಂದಿಗೂ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ಹೊಸದಾಗಿ ತಯಾರಾಗುತ್ತಿವೆ. ತಯಾರಿಕೆ ನಿಂತುಹೋದ ಅಪರೂಪದ ವಾಲ್ವ್ ಬಳಸಿದ ಯಂತ್ರಕ್ಕೆ ಆ ಅಪರೂಪದ ಕಾರಣದಿಂದಲೇ ಬೆಲೆ ಕಡಿಮೆ ಕಟ್ಟಬೇಕು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವ್ ತಯಾರಿಸಿತ್ತು. ಹಳೆಯ ರಿಪೇರಿ ಅಂಗಡಿಗಳ ಡಬ್ಬಗಳಲ್ಲಿ ಬಿಇಎಲ್ ಮುದ್ರೆಯ ವಾಲ್ವ್‌ಗಳು ಆಗೀಗ ಸಿಗುತ್ತವೆ. ಸಿಕ್ಕರೆ ಗಾಜಿನ ಮೇಲಿನ ಅಕ್ಷರಕ್ಕೆ ಮಾರುಹೋಗದೆ ನೆತ್ತಿಯ ಒಳಬದಿಯ ಬೆಳ್ಳಿಯಂತೆ ಕಾಣುವ ಲೇಪ ನೋಡಿ: ಹೊಳೆಯುತ್ತಿದ್ದರೆ ಪರೀಕ್ಷೆಗೆ ಒಯ್ಯಬಹುದು, ಹಾಲಿನಂತೆ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಹೊಕ್ಕಿದೆ.

ಯಂತ್ರ ಮನೆಗೆ ತಂದ ಮೇಲೆ ಮೊದಲ ತಿಂಗಳು ಅದನ್ನು ದಿನವೂ ಬಳಸಿ. ಬಿಡಿಭಾಗದ ದೋಷಗಳು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿಯೇ ಹೊರಬೀಳುತ್ತವೆ, ಆಗ ವಾರಂಟಿ ಜೀವಂತವಿರುತ್ತದೆ. ಫೋನೋ ವಿಭಾಗದ ಮೊದಲ ಹಂತದ ವಾಲ್ವ್ ಎಲ್ಲಕ್ಕಿಂತ ಸೂಕ್ಷ್ಮವಾದದ್ದರಿಂದ, ಸದ್ದು ಕಡಿಮೆ ಇರುವುದನ್ನು ಆರಿಸಿದ ಒಂದು ಜೋಡಿಯನ್ನು ಬದಲಿಗೆಂದು ಕೊಂಡು, ಹಾಕಿ ನೋಡಿ, ಸರಿ ಇದೆಯೆಂದು ಖಚಿತಪಡಿಸಿಕೊಂಡು, ದಿನಾಂಕ ಬರೆದ ಡಬ್ಬದಲ್ಲಿಟ್ಟುಕೊಳ್ಳಿ. ಹಾಕಿ ನೋಡದೆ ಎತ್ತಿಟ್ಟ ಬದಲಿ ವಾಲ್ವ್ ಕೆಟ್ಟದ್ದೆಂದು ತಿಳಿಯುವ ಹೊತ್ತಿಗೆ ಅದನ್ನು ಮರಳಿಸುವ ಅವಧಿ ಮುಗಿದಿರುತ್ತದೆ.